ಸರದಾರ ಬೊಗಳಿದ

ದುರ್ಗದಿಂದ ಟ್ರಂಕ್ ಕಾಲ್ ಬಂದಾಗ ಡಾಕ್ಟರ್ ಉಚ್ಚಂಗಮ್ಮ ಇಲಿಗಳಿಗೆ ಕಡಲೆ ಹಾಕುತ್ತಿದ್ದಳು. ಬೆಂಗಳೂರಿನ ಆ ಪ್ರಯೋಗಾಲಯದಲ್ಲಿ ವೈರಸ್ಸುಗಳ ಬೆನ್ನು ಹತ್ತಿ ಅವಳಿಗೆ ಆರೇಳು ವರ್ಷವಾಗಿತ್ತು. ಹುಟ್ಟಿದ್ದು ಚಿತ್ರದುರ್ಗದ ಕೋಟೆ ಬುಡದ ಬೀದಿಯಲ್ಲಿ. ಓದಿ ಡಾಕ್ಟರಾದ ಮೇಲೆ ಮದುವೆಗೂ ಪ್ರಾಕ್ಟೀಸಿಗೂ ಒಟ್ಟಿಗೇ ಕೈಕೊಟ್ಟು ಇಲಿಗಳ ಜೊತೆ ಸಂಸಾರ ಹೂಡಿದ್ದಾಳೆ ಎಂದು ಅವಳ ತಾಯಿ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಫೋನಿನಲ್ಲಿ ಅವಳ ಹಳೆಯ ಸಹಪಾಠಿ ಪಂಚಾಕ್ಷರಪ್ಪ ಕೂಗುತ್ತಿದ್ದ. ಅವನು ದುರ್ಗದ ಊರಾಚೆ ಒಂದು ಸಣ್ಣ ಆಸ್ಪತ್ರೆ ಇಟ್ಟುಕೊಂಡಿದ್ದ.

"ಉಚ್ಚಂಗೀ, ಇಲ್ಲೊಬ್ಬ ಕುರಿಗಾಹಿ ಬಂದಿದಾನೆ. ನಾಯಿ ಕಚ್ಚಿ ಮೂರು ವಾರ ಆಗ್ತಾ ಬಂತು. ಹೊಕ್ಕುಳ ಸುತ್ತ ಇಂಜೆಕ್ಷನ್ ಕೊಡ್ತಾ ಇದ್ವಿ. ಮುಗಿಯೋಕೆ ಮುಂಚೆನೇ ಎರಡೂ ಕಾಲು ಬಿದ್ದೋಗಿವೆ. ಎಲ್ಲರೂ ಹುಚ್ಚುನಾಯಿ ರೋಗ ಅಂತಿದಾರೆ. ನನಗ್ಯಾಕೋ ನಿನ್ನ ನೆನಪಾಯ್ತು."

"ನೀರು ಕುಡೀತಾನಾ?"

"ಕುಡೀತಾನೆ. ಅದರ ಜೊತೆ ಬಾಯಿ ತುಂಬ ಮಾತಾಡ್ತಾನೆ."

"ಇಂಜೆಕ್ಷನ್ ನಿಲ್ಲಿಸು. ನಾನು ಬರೋವರೆಗೂ ಇನ್ನೇನೂ ಕೊಡಬೇಡ," ಎಂದು ಉಚ್ಚಂಗಮ್ಮ ಫೋನ್ ಇಟ್ಟಳು. ಉಳಿದ ಕಡಲೆಯನ್ನೆಲ್ಲ ಒಂದೇ ಪಂಜರಕ್ಕೆ ಸುರಿದು, ಬ್ಯಾಗು ತಗೊಂಡು ಬಸ್ ನಿಲ್ದಾಣದ ಕಡೆ ಓಡಿದಳು. ಎಪ್ಪತ್ತೇಳರ ಡಿಸೆಂಬರ್ ತಿಂಗಳು. ರಾತ್ರಿಯಿಡೀ ಬಸ್ಸಿನ ಕಿಟಕಿಯಿಂದ ಥಂಡಿ ಗಾಳಿ ನುಗ್ಗುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅವಳು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಇದೇ. ಆ ಕಾಲದಲ್ಲಿ ಹುಚ್ಚುನಾಯಿ ಕಡಿತಕ್ಕೆ ಕೊಡುತ್ತಿದ್ದ ಲಸಿಕೆ ತಯಾರಾಗುತ್ತಿದ್ದದ್ದು ಕುರಿಯ ಮೆದುಳಿನಲ್ಲಿ. ಅದು ಲೆಕ್ಕವಿಲ್ಲದಷ್ಟು ಜನರನ್ನು ಉಳಿಸಿತ್ತು. ಅದಿಲ್ಲದಿದ್ದರೆ ಹುಚ್ಚುನಾಯಿ ಕಚ್ಚಿದವರಿಗೆ ಬೇರೆ ಗತಿ ಇರಲಿಲ್ಲ. ಆದರೆ ಸಾವಿರಾರು ಮಂದಿಯಲ್ಲಿ ಎಲ್ಲೋ ಒಬ್ಬರಿಗೆ ಎಡವಟ್ಟಾಗುತ್ತಿತ್ತು. ಲಸಿಕೆಯ ಜೊತೆ ಒಳಗೆ ಬಂದ ಕುರಿಯ ನರದ ಚೂರನ್ನು ಕಂಡು ದೇಹದ ಕಾವಲು ಪಡೆ ರೊಚ್ಚಿಗೇಳುತ್ತಿತ್ತು. ಕುರಿಯ ನರ ಯಾವುದು, ತನ್ನ ನರ ಯಾವುದು ಎಂಬ ಗುರುತು ತಪ್ಪಿ, ಮನೆಯವರನ್ನೇ ಬಡಿಯುವ ಕಾವಲುಗಾರನಂತೆ ತನ್ನ ಬೆನ್ನುಹುರಿಯ ಮೇಲೆಯೇ ಬೀಳುತ್ತಿತ್ತು. ಹೊತ್ತಿಗೆ ಸರಿಯಾಗಿ ತಡೆದರೆ ಅಂಥವರು ಎದ್ದು ಓಡಾಡುವ ಸಾಧ್ಯತೆ ಇತ್ತು. ಆದರೆ ಉಚ್ಚಂಗಮ್ಮನ ಕೈಗೆ ಈವರೆಗೆ ಸಿಕ್ಕಿದ್ದು ತಡವಾಗಿ ಬಂದ ರಕ್ತದ ಸೀಸೆಗಳು ಮಾತ್ರ. ಒಮ್ಮೆ ಒಬ್ಬ ಟೀಚರಮ್ಮನ ರಕ್ತ ಬಂದು ತಲುಪುವಷ್ಟರಲ್ಲಿ ಟೀಚರಮ್ಮನೇ ಇರಲಿಲ್ಲ. ಬದುಕಿ ಮಾತಾಡುವ ರೋಗಿಯನ್ನು ಅವಳು ನೋಡಲಿದ್ದದ್ದು ಇದೇ ಮೊದಲು.

ಆ ರೋಗಿಯ ಹೆಸರು ಕಾಟಯ್ಯ. ಹಿರಿಯೂರಿನ ಆದಿವಾಲದ ಹತ್ತಿರದ ಹಟ್ಟಿಯವನು. ಅವನನ್ನು ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಮಲಗಿಸಿದ್ದರು. ಕಿಟಕಿಯ ಹೊರಗೆ ಜನ ನಿಂತು ಹುಲಿ ನೋಡುವಂತೆ ನೋಡುತ್ತಿದ್ದರು. ಊಟದ ತಟ್ಟೆಯನ್ನು ಯಾರೋ ಕೋಲಿನಿಂದ ಒಳಕ್ಕೆ ತಳ್ಳಿದ್ದರು. ಮಂಚದ ಪಕ್ಕದಲ್ಲಿ ಯಾವ ಭಯವೂ ಇಲ್ಲದೆ ಕೂತಿದ್ದವಳು ಅವನ ಹೆಂಡತಿ ಮುದ್ದಕ್ಕ ಒಬ್ಬಳೇ.

"ಬರ್ರಿ ಡಾಕ್ಟ್ರಮ್ಮ, ಕುಂತ್ಕಳ್ರಿ," ಎಂದ ಕಾಟಯ್ಯ, ತನ್ನ ಮನೆಯ ಜಗಲಿಗೆ ಬಂದವರನ್ನು ಕರೆಯುವಂತೆ. "ಒಂದು ಮಾತು ಕೇಳ್ತೀನಿ, ನಿಜ ಹೇಳ್ರಿ. ನನ್ನ ಹೊಟ್ಟೇಗೆ ಹಾಕಿದ್ದು ಕುರಿ ಮೆದ್ಲಂತೆ, ಹೌದೇನ್ರಿ?"

"ಹೌದು ಕಾಟಯ್ಯ."

"ನೋಡ್ದೇನೇ!" ಎಂದು ಅವನು ಹೆಂಡತಿಯ ಕಡೆ ತಿರುಗಿದ. "ಹುಟ್ಟಿದಾಗಿಂದ ನಾನು ಕುರಿ ಕಾಲು ಹಿಡ್ಕಂಡು ಎಳ್ದೆ. ಈಗ ಕುರಿ ನನ್ನ ಕಾಲು ಹಿಡ್ಕಂಡೈತೆ."

"ನೀನು ಬ್ಯಾ ಅನ್ನೋವರ್ಗೂ ನಂಗೇನೂ ಚಿಂತಿಲ್ಲ, ಸುಮ್ಕಿರು," ಎಂದಳು ಮುದ್ದಕ್ಕ. ಅವಳ ಕಣ್ಣು ಮಾತ್ರ ಅತ್ತು ಅತ್ತು ಕೆಂಪಾಗಿತ್ತು.

ಉಚ್ಚಂಗಮ್ಮ ಮಂಚದ ಅಂಚಿನಲ್ಲೇ ಕೂತಳು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ಬಡಿದರೆ ಕಾಲು ಮಿಸುಕಲಿಲ್ಲ. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ಅವನಿಗೆ ಗೊತ್ತಾಗಲಿಲ್ಲ. ತಲೆ ಮಾತ್ರ ತಿಳಿನೀರಿನಂತಿತ್ತು. ಅವಳು ಲೋಟ ಎತ್ತಿ ತನ್ನ ಕೈಯಾರೆ ನೀರು ಕುಡಿಸಿದಳು. ಕಿಟಕಿಯಾಚೆಯ ಜನ "ಅಯ್ಯಯ್ಯೋ" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಕಾಟಯ್ಯ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದ.

ಹೊರಗೆ ಬಂದ ಮೇಲೆ ಪಂಚಾಕ್ಷರಪ್ಪ ತಲೆ ಕೆರೆದುಕೊಂಡ. "ನೀರಿಗೆ ಹೆದರದೆ ಬರೀ ಕಾಲಿನಿಂದ ಶುರುವಾಗೋ ಹುಚ್ಚುನಾಯಿ ರೋಗವೂ ಐತಲ್ಲ, ಉಚ್ಚಂಗಿ."

"ಐತೆ. ಅದಕ್ಕೇ ಕೈ ಕಟ್ಟಿದಂಗೆ ಆಗಿರೋದು. ಇದು ಲಸಿಕೆಯಿಂದ ಆಗಿದ್ರೆ ಇವತ್ತೇ ಸ್ಟೀರಾಯ್ಡ್ ಶುರು ಮಾಡಬೇಕು. ಕಾವಲು ಪಡೆಯ ಸಿಟ್ಟು ಇಳಿಸಬೇಕು. ಆದ್ರೆ ಒಳಗೆ ನಿಜವಾಗ್ಲೂ ವೈರಸ್ ಇದ್ರೆ? ಕಾವಲು ಪಡೆಯ ಕೈ ಕಟ್ಟಿ ನಾವೇ ಕಳ್ಳನಿಗೆ ಬಾಗಿಲು ತೆಗೆದಂಗಾಗ್ತದೆ."

"ಹಂಗಾದ್ರೆ ಯಾರನ್ನ ಕೇಳೋದು?"

"ನಾಯಿನ," ಎಂದಳು ಉಚ್ಚಂಗಮ್ಮ.

ಅವಳು ವಿವರಿಸಿದಳು. ನಾಯಿಯ ಜೊಲ್ಲಿಗೆ ಆ ವೈರಸ್ ಇಳಿದಿದೆ ಎಂದರೆ ನಾಯಿಯ ಕಥೆ ಮುಗಿಯುತ್ತ ಬಂದಿದೆ ಎಂದೇ ಅರ್ಥ. ಕಚ್ಚಿದ ಹತ್ತು ದಿನದೊಳಗೆ ಅದು ಸಾಯುತ್ತದೆ. ಇವನಿಗೆ ಕಚ್ಚಿ ಮೂರು ವಾರ ಆಗುತ್ತ ಬಂದಿದೆ. ಆ ನಾಯಿ ಇವತ್ತೂ ಬಾಲ ಅಲ್ಲಾಡಿಸುತ್ತಿದ್ದರೆ ಅದರ ಕಡಿತದಲ್ಲಿ ರೋಗ ಇರಲೇ ಇಲ್ಲ. ಪಂಚಾಕ್ಷರಪ್ಪ ಬಾಯಿ ತೆರೆದು ಕೇಳಿದ. ಆಮೇಲೆ ತನ್ನ ಹಳೆ ಜೀಪಿನ ಕೀಲಿಯನ್ನು ಡ್ರೈವರ್ ಎತ್ತಪ್ಪನ ಕಡೆ ಎಸೆದ.

ನಾಯಿ ಯಾರದೆಂದು ಮುದ್ದಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

"ಮಾಡದಕೆರೆ ಗೊಲ್ಲಪ್ಪಂದು. ಸರದಾರ ಅಂತ ಹೆಸ್ರು ಅದಕ್ಕೆ. ಆವತ್ತು ಗೊಲ್ಲಪ್ಪನ ಮಂದೆ ನಮ್ಮ ಮಂದೆ ಕಲೆತು ಹೋಗಿದ್ವು. ನಮ್ಮ ಮರಿ ಅಂತ ಇವ್ರು ಎತ್ಕಳಾಕೆ ಹೋದ್ರು, ಅದು ಕಳ್ಳ ಅಂದ್ಕಂಡು ಮೀನಖಂಡಕ್ಕೇ ಬಾಯಿ ಹಾಕ್ತು. ಬೆಳಗಾಗಾದ್ರಾಗೆ ಗೊಲ್ಲಪ್ಪ ಮಂದೆ ಹೊಡ್ಕಂಡು ನಾಪತ್ತೆ. ನಡೀರಿ ಡಾಕ್ಟ್ರಮ್ಮ, ಹೋಗಾಣ. ನಾಯಿ ಗುರುತು ನಂಗೈತೆ."

ಹೀಗೆ, ಒಬ್ಬ ವೈರಸ್ ತಜ್ಞೆ, ಒಬ್ಬ ಕುರಿಗಾಹಿಯ ಹೆಂಡತಿ, ನಾಯಿ ಕಂಡರೆ ಬೆವರುವ ಒಬ್ಬ ಡ್ರೈವರ್ ಸೇರಿ ಒಂದು ನಾಯಿಯ ಯೋಗಕ್ಷೇಮ ವಿಚಾರಿಸಲು ಹೊರಟರು. ಹಿರಿಯೂರು ದಾಟಿ, ಮಾರಿಕಣಿವೆಯ ಗುಡ್ಡಗಳನ್ನು ಬಳಸಿ ಜೀಪು ಎಗರೆಗರಿ ಓಡಿತು. ಅದರ ಒಂದು ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಹಳ್ಳ ಬಂದಾಗಲೆಲ್ಲ ಮುದ್ದಕ್ಕ ಆ ಹಗ್ಗವನ್ನು ಹಿಡಿದುಕೊಳ್ಳುತ್ತಿದ್ದಳು, ಉಚ್ಚಂಗಮ್ಮ ಮುದ್ದಕ್ಕನನ್ನು ಹಿಡಿದುಕೊಳ್ಳುತ್ತಿದ್ದಳು.

ಮಾಡದಕೆರೆಯಲ್ಲಿ ಗೊಲ್ಲಪ್ಪನ ಮನೆ ಮುಂದೆ ಅವನ ತಾಯಿ ಬೋರಕ್ಕ ಉಣ್ಣೆ ನೂಲುತ್ತ ಕೂತಿದ್ದಳು. ಜೀಪು ಕಂಡದ್ದೇ ಅವಳ ಕೈ ನಿಂತಿತು.

"ಅಜ್ಜಿ, ನಿಮ್ಮ ಸರದಾರ ಎಲ್ಲವ್ನೆ?" ಎಂದಳು ಉಚ್ಚಂಗಮ್ಮ.

"ನಾಯಿನಾ? ಸತ್ತೋತು ತಗಳವ್ವ."

ಉಚ್ಚಂಗಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಹೆಂಗೆ ಸತ್ತೋತು?"

"ಬಾವಿಗೆ ಬಿತ್ತು." ಅಜ್ಜಿ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು. ಕೊಡುತ್ತ, "ಪಾಪ, ಲಾರಿ ಅಡೀಗೆ ಸಿಕ್ತು ನೋಡ್ರಿ, ಉಳೀಲೇ ಇಲ್ಲ," ಎಂದಳು.

ಎತ್ತಪ್ಪ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡ. "ಯಾವಾಗಜ್ಜಿ?"

"ಅದೇ, ಚಿರತೆ ಬಂದಿತ್ತಲ್ಲ, ಆವಾಗ. ಹೊತ್ಕಂಡೇ ಹೋತು."

ಮುದ್ದಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಅಲ್ಲಜ್ಜಿ, ಚಿರತೆ ಲಾರಿ ಓಡುಸ್ತಿತ್ತಾ? ಅದು ಲಾರಿ ತಗಂಡೋಗಿ ಬಾವಿಗೆ ಬೀಳಿಸ್ತಾ?"

ಬೋರಕ್ಕ ಮುಖ ಗಂಟಿಕ್ಕಿಕೊಂಡು ನೂಲಿಗೆ ಕೂತಳು. ಇನ್ನೇನು ಕೇಳಿದರೂ ಒಂದೇ ಉತ್ತರ: ಮಗ ಮಂದೆ ಹೊಡ್ಕಂಡು ತಾಳ್ಯದ ಕಡೆ ಹೋಗಿದಾನೆ, ನಾಯಿ ಸತ್ತೋಗೈತೆ, ಮಜ್ಜಿಗೆ ಇನ್ನೂ ಬೇಕಾ?

ಜೀಪು ಹತ್ತಿದ ಮೇಲೆ ಉಚ್ಚಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಮೂರು ಸಲ ಸತ್ತ ನಾಯಿ ಬದುಕಿರುವ ಸಂಭವ ಬಹಳ ಹೆಚ್ಚು ಎಂದು ಅವಳಿಗೆ ಅನಿಸಿತು. ಮುದ್ದಕ್ಕನೂ ನಕ್ಕಳು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಎತ್ತಪ್ಪನೂ ನಕ್ಕ. ಹೊಸದುರ್ಗದಲ್ಲಿ ನಿಂತು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡರು. ಹೊಳಲ್ಕೆರೆ ಬರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು, ಮೂವರ ಕಣ್ಣಲ್ಲೂ ಖಾರದ ನೀರು.

ತಾಳ್ಯದಾಚೆ ಶೇಂಗಾ ಕಿತ್ತ ಹೊಲದಲ್ಲಿ, ಗೊಬ್ಬರ ಬೀಳಲೆಂದು ಗೊಲ್ಲಪ್ಪ ಮಂದೆ ನಿಲ್ಲಿಸಿದ್ದ. ಆಳು ದೊಡ್ಡವನು, ದನಿ ಸಣ್ಣದು. ಜೀಪಿನಿಂದ ಮುದ್ದಕ್ಕ ಇಳಿದದ್ದನ್ನು ಕಂಡು ಅವನ ರುಮಾಲು ಸಡಿಲವಾಯಿತು.

"ಲೇ ಗೊಲ್ಲಪ್ಪ, ನಾಯಿ ಎಲ್ಲೋ?"

"ಸತ್ತೋತಕ್ಕ," ಎಂದ ಗೊಲ್ಲಪ್ಪ. ಹೊಲದ ಬದುವಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಮಣ್ಣಿನ ದಿಬ್ಬ ತೋರಿಸಿದ. ದಿಬ್ಬದ ಮೇಲೆ ಕಲ್ಲು, ಕಲ್ಲಿನ ಮೇಲೆ ಕುಂಕುಮ, ಪಕ್ಕದಲ್ಲಿ ಎರಡು ತಂಗಡಿ ಹೂ. "ನಾನೇ ಮಣ್ಣು ಮಾಡ್ದೆ."

ಅಜ್ಜಿಯ ಮಾತಿಗೆ ನಕ್ಕಂತೆ ಈ ದಿಬ್ಬಕ್ಕೆ ಉಚ್ಚಂಗಮ್ಮನಿಗೆ ನಗಲಾಗಲಿಲ್ಲ. ಅವಳು ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು. ನಾಯಿ ನಿಜವಾಗಿಯೂ ಸತ್ತಿದ್ದರೆ ಯಾವಾಗ ಸತ್ತಿತು, ಹೇಗೆ ಸತ್ತಿತು ಎಂದು ಹೇಳುವವರು ಯಾರು? ಕಾಟಯ್ಯನ ಮುಂದೆ ಹೋಗಿ ಏನೆಂದು ನಿಲ್ಲುವುದು? ಎಂದೂ ಮುಖ ನೋಡದ ಆ ಟೀಚರಮ್ಮನ ಹೆಸರಿನ ಸೀಸೆ ಅವಳ ಕಣ್ಣ ಮುಂದೆ ಬಂತು.

ಮುದ್ದಕ್ಕ ದಿಬ್ಬವನ್ನು ನೋಡಲೇ ಇಲ್ಲ. ಅವಳು ಮಂದೆಯನ್ನು ನೋಡುತ್ತಿದ್ದಳು.

"ತೋಳ ತಿರುಗಾಡೋ ಕಾಲದಾಗೆ ನಾಯಿ ಇಲ್ದೆ ಮಂದೆ ಬಿಟ್ಕಂಡು ಕುಂತವ್ನಂತೆ ಇವ್ನು!" ಎಂದು ಗೊಣಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈ ಬಾಯಿಗೆ ಹಿಡಿದು, ಗುಡ್ಡ ಮಾರ್ದನಿಸುವಂತೆ ಕೂಗಿದಳು:

"ತ್ವಾಳ! ತ್ವಾಳ ಬಂತು! ತ್ವಾಳ, ತ್ವಾಳ, ತ್ವಾಳ!"

ಗೊಲ್ಲಪ್ಪನ ಗುಡಾರದ ಪಕ್ಕ ಬಿದಿರು ಹೆಣೆದ ಒಂದು ದೊಡ್ಡ ಮಂಕರಿ ಬೋರಲು ಬಿದ್ದಿತ್ತು, ಮೇಲೆ ಕಂಬಳಿ ಹೊದಿಸಿತ್ತು. ಆ ಮಂಕರಿ ಒಮ್ಮೆ ಅಲ್ಲಾಡಿತು. ಆಮೇಲೆ ಎದ್ದು ನಡೆಯತೊಡಗಿತು. ಕಂಬಳಿ ಹೊದ್ದ ಮಂಕರಿಯೊಂದು ತಾನಾಗಿ ಹೊಲದ ತುಂಬ ಓಡುವುದನ್ನು ಕಂಡು ಕುರಿಗಳು ದಿಕ್ಕಾಪಾಲಾದವು. ಎತ್ತಪ್ಪ "ಅಪ್ಪಾ ಸಾಮೀ" ಎಂದು ಜೀಪಿನ ಬಾನೆಟ್ ಏರಿದ. ಮಂಕರಿ ಒಂದು ಕಲ್ಲಿಗೆ ಬಡಿದು ಉರುಳಿತು. ಒಳಗಿಂದ ಕಪ್ಪಗೆ, ದಷ್ಟಪುಷ್ಟವಾಗಿ, ಅರ್ಧ ಕಿವಿಯ, ಬಾಲದ ತುದಿಗೆ ಬಿಳಿ ಕುಚ್ಚು ಹೊತ್ತ ನಾಯಿಯೊಂದು ಬಾಣದಂತೆ ಹೊರಬಂದು, ಮಂದೆಗೆ ಒಂದು ಸುತ್ತು ಹಾಕಿ, ಇಲ್ಲದ ತೋಳದ ಮೇಲೆ ಆಕಾಶ ಬಿರಿಯುವಂತೆ ಬೊಗಳಿತು.

"ಅವ್ನೇ! ಅರೆಗಿವಿ ಸರದಾರ!" ಎಂದು ಮುದ್ದಕ್ಕ ಕಿರುಚಿದಳು.

"ಬೊಗಳ್ತೈತೆ!" ಎಂದು ಉಚ್ಚಂಗಮ್ಮನೂ ಕಿರುಚಿದಳು. "ಮುದ್ದಕ್ಕ, ಗಂಟಲು ಎಷ್ಟು ಚೆನ್ನಾಗೈತೆ ನೋಡ್ರಿ! ಎಂಥ ಬೊಗಳು ಐತೆ ನೋಡ್ರಿ!"

ಇಬ್ಬರು ಹೆಂಗಸರೂ ಕೈಕೈ ಹಿಡಿದು ಶೇಂಗಾ ಹೊಲದಲ್ಲಿ ಕುಣಿದೇಬಿಟ್ಟರು. ಎಂಬಿಬಿಎಸ್ಸು, ಎಂಡಿ, ಪ್ರಯೋಗಾಲಯದ ಬಿಳಿ ಕೋಟು, ಯಾವುದೂ ಆ ಕ್ಷಣಕ್ಕೆ ಉಚ್ಚಂಗಮ್ಮನಿಗೆ ನೆನಪಿರಲಿಲ್ಲ. ಕುಣಿಯುವಾಗ ಅವಳ ಒಂದು ಚಪ್ಪಲಿ ಕಳಚಿತು. ತೋಳ ಸಿಗದೆ ನಿರಾಶನಾಗಿದ್ದ ಸರದಾರ ಅದನ್ನೇ ಕಚ್ಚಿಕೊಂಡು ಓಡಿದ. ಅವಳು ಒಂಟಿ ಚಪ್ಪಲಿಯಲ್ಲೇ ಅವನ ಹಿಂದೆ ಓಡಿದಳು. ಓಡುತ್ತಲೇ ಗಮನಿಸುತ್ತಿದ್ದಳು: ನಡಿಗೆ ತಡವರಿಸುತ್ತಿಲ್ಲ, ದವಡೆ ಜೋತುಬಿದ್ದಿಲ್ಲ, ಜೊಲ್ಲಿಲ್ಲ, ಕಣ್ಣಲ್ಲಿ ಬರೀ ತುಂಟತನ.

ಗೊಲ್ಲಪ್ಪ ಅವಮಾನದಿಂದ ನೆಲ ನೋಡುತ್ತ ನಿಂತಿದ್ದ. "ಹುಚ್ಚುನಾಯಿ ಅಂತ ಜನ ಬಡಿಗೆ ತಗಂಡು ಬರ್ತಾರೆ ಅಂತ ಬಚ್ಚಿಟ್ಟಿದ್ದೆ ಕಣಕ್ಕ. ಅವ್ವಂಗೂ ಹೇಳಿದ್ದೆ, ಯಾರ್ ಕೇಳಿದ್ರೂ ಸತ್ತೈತೆ ಅನ್ನು ಅಂತ. ನಾಯಿ ಅಲ್ಲಕ್ಕ ಅದು, ನನ್ನ ತಮ್ಮ ಇದ್ದಂಗೆ."

"ಅದನ್ನ ಸಾಯ್ಸಾಕೆ ಬಂದಿಲ್ಲ ಗೊಲ್ಲಪ್ಪ," ಎಂದಳು ಉಚ್ಚಂಗಮ್ಮ ಏದುಸಿರು ಬಿಡುತ್ತ. "ಅದು ಬದುಕಿದ್ರೆ ಕಾಟಯ್ಯ ಬದುಕ್ತಾನೆ. ಒಂದು ಬೋಗುಣಿ ನೀರು ಇಡಪ್ಪ ಅದಕ್ಕೆ."

ಕಾಟಯ್ಯನ ಕಾಲು ಬಿದ್ದ ಸುದ್ದಿ ಗೊಲ್ಲಪ್ಪನಿಗೆ ಗೊತ್ತೇ ಇರಲಿಲ್ಲ. ಕೇಳಿ ದೊಡ್ಡ ಆಳು ಗೊಳೋ ಎಂದು ಅತ್ತ. ಅಳುತ್ತಲೇ ನೀರಿಟ್ಟ. ಸರದಾರ ಹರಿದು ಚಿಂದಿಯಾದ ಚಪ್ಪಲಿ ಕೆಳಗಿಟ್ಟು ಲೊಚಲೊಚ ಬೋಗುಣಿ ಖಾಲಿ ಮಾಡಿದ, ರೊಟ್ಟಿ ಎಸೆದರೆ ಗಾಳಿಯಲ್ಲೇ ಹಿಡಿದು ನುಂಗಿದ. ಉಚ್ಚಂಗಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲ ತುತ್ತು ತಿನ್ನುವ ಕೂಸನ್ನು ನೋಡುವಂತೆ ನೋಡಿದಳು. ಸೂಕ್ಷ್ಮದರ್ಶಕದ ಕೆಳಗೆ ಇಷ್ಟು ಚಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಪಂಚಾಕ್ಷರಪ್ಪ ಕಣ್ಣಾರೆ ನೋಡದೆ ನಂಬುವವನಲ್ಲ ಎಂದು ನಾಯಿಯನ್ನೂ ಕರೆದೊಯ್ಯುವುದೆಂದಾಯಿತು. ಗೊಲ್ಲಪ್ಪ ಮಂದೆಯನ್ನು ಪಕ್ಕದ ಹೊಲದ ಜೊತೆಗಾರನಿಗೆ ಒಪ್ಪಿಸಿ ಹತ್ತಿದ. ಸರದಾರ ಯಾರ ಅಪ್ಪಣೆಯನ್ನೂ ಕೇಳದೆ ಮುಂದಿನ ಸೀಟೇರಿದ. ಎತ್ತಪ್ಪ ಸ್ಟೀರಿಂಗಿಗೆ ಅಂಟಿಕೊಂಡು, ಬಲಬಾಗಿಲಿನಿಂದ ಅರ್ಧ ಹೊರಗೆ ಜೋತಾಡುತ್ತ ದುರ್ಗದವರೆಗೂ ಗಾಡಿ ಓಡಿಸಿದ. ಸರದಾರ ಗಿಡಕ್ಕೊಂದು ಬೊಗಳುತ್ತಿದ್ದ, ಪ್ರತಿ ಬೊಗಳಿಗೂ ಹಿಂದಿನ ಸೀಟಿನ ಹೆಂಗಸರು "ಭೇಷ್!" ಎನ್ನುತ್ತಿದ್ದರು. ದಾರಿಹೋಕರು ತಿರುತಿರುಗಿ ನೋಡಿದರು.

ಇಳಿಬಿಸಿಲಲ್ಲಿ ಜೀಪು ಆಸ್ಪತ್ರೆ ಅಂಗಳಕ್ಕೆ ನುಗ್ಗಿತು. ಕಿಟಕಿಗೆ ಮುತ್ತಿದ್ದ ಜನ ನಾಯಿ ಕಂಡು ಚೆಲ್ಲಾಪಿಲ್ಲಿಯಾದರು. ಖಾಲಿಯಾದ ಕಿಟಕಿಗೆ ಸರದಾರ ಮುಂಗಾಲಿಟ್ಟು ನಿಂತು ಒಳಗೆ ಇಣುಕಿ ಒಂದು ಸಲ ಬೊಗಳಿದ.

"ಯಾರಲೇ ಅದು, ಸರದಾರನಾ?" ಎಂದ ಕಾಟಯ್ಯ ಮಲಗಿದಲ್ಲಿಂದಲೇ. "ಕಚ್ಚಿದ್ದು ಸಾಲ್ದು ಅಂತ ನೋಡಾಕೂ ಬಂದ್ಯೇನಪ್ಪ?"

ಪಂಚಾಕ್ಷರಪ್ಪ ನಾಯಿಯನ್ನು ನೋಡಿದ, ಮುದ್ದಕ್ಕನನ್ನು ನೋಡಿದ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ತಲೆ ತುಂಬ ಹೊಟ್ಟು ಮಣ್ಣು ಮಾಡಿಕೊಂಡ ತನ್ನ ಸಹಪಾಠಿಯನ್ನು ನೋಡಿದ. "ಇದೇನಾ ಸಾಕ್ಷಿ?"

"ಇದೇ. ಪ್ರಾಣ ಇರೋ ಸಾಕ್ಷಿ. ತಗಿಯಪ್ಪ ಸ್ಟೀರಾಯ್ಡ್."

ಆ ಸಂಜೆಯೇ ಔಷಧಿ ಶುರುವಾಯಿತು. ಉಚ್ಚಂಗಮ್ಮ ಬೆಂಗಳೂರಿಗೆ ಹೋಗಲಿಲ್ಲ. ಔಷಧಿಗೆ ಮುಂಚೆ ತೆಗೆದ ಕಾಟಯ್ಯನ ರಕ್ತವನ್ನು ಐಸು ತುಂಬಿದ ಥರ್ಮಾಸಿನಲ್ಲಿಟ್ಟು ಬಸ್ಸಿನಲ್ಲಿ ಕಳಿಸಿ, ತಾನು ತಾಯಿಯ ಮನೆಯಲ್ಲಿ ಉಳಿದಳು. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಅವಳು ದಿನವೂ ಬಂದು ಮಂಡಿ ಬಡಿಯುತ್ತಿದ್ದಳು, ಕಾಲು ದಿಮ್ಮಿಯಂತೆ ಬಿದ್ದಿರುತ್ತಿತ್ತು. ಮುದ್ದಕ್ಕ ಆ ಕಾಲುಗಳಿಗೆ ಎಣ್ಣೆ ತಿಕ್ಕುತ್ತ, ಅವು ಕೇಳಿಸಿಕೊಳ್ಳುತ್ತವೆಂಬಂತೆ ಬೈಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಾಗೆ ಬೈಯುತ್ತಿರುವಾಗ ಬಲಗಾಲಿನ ಹೆಬ್ಬೆರಳು ಮಿಸುಕಿತು.

"ಅಲ್ಲಾಡ್ಸಿದ್ಯಾ?" ಎಂದಳು ಮುದ್ದಕ್ಕ.

"ನಾನೆಲ್ಲಿ ಅಲ್ಲಾಡ್ಸಿದೆ? ನೀನು ಬೈದಿದ್ಕೆ ಹೆದ್ರಿ ಅದೇ ಅಲ್ಲಾಡ್ತು," ಎಂದ ಕಾಟಯ್ಯ. ಅಂದು ಮಧ್ಯಾಹ್ನದವರೆಗೂ ಅವನು ತನ್ನ ಹೆಬ್ಬೆರಳನ್ನೇ ನೋಡುತ್ತ, ಅಲ್ಲಾಡಿಸುತ್ತ, ಮತ್ತೆ ನೋಡುತ್ತ ಮಲಗಿದ್ದ. ಉಚ್ಚಂಗಮ್ಮ ಬಂದು ನೋಡಿದವಳು ಕಾರಿಡಾರಿಗೆ ಓಡಿ, ಎದುರು ಸಿಕ್ಕ ಎತ್ತಪ್ಪನಿಗೆ "ಹೆಬ್ಬೆರಳು ಕಣೋ!" ಎಂದಳು. ಅವನು ಏನೂ ಅರ್ಥವಾಗದೆ ತನ್ನ ಹೆಬ್ಬೆರಳು ನೋಡಿಕೊಂಡ.

ಬೆಂಗಳೂರಿನಿಂದಲೂ ಸುದ್ದಿ ಬಂತು. ಕಾಟಯ್ಯನ ರಕ್ತದಲ್ಲಿ ನರದ ಕವಚದ ವಿರುದ್ಧವೇ ತಿರುಗಿ ನಿಂತ ಪ್ರತಿಕಾಯಗಳು ಸಿಕ್ಕಿದ್ದವು. ಔಷಧಿಯ ನಂತರದ ರಕ್ತದಲ್ಲಿ ಅವು ಇಳಿಯುತ್ತ ಹೋದವು. ರೋಗ ಏರುವಾಗಲೂ ಇಳಿಯುವಾಗಲೂ ಒಬ್ಬನದೇ ರಕ್ತ ಅವಳಿಗೆ ಸಿಕ್ಕಿತ್ತು. ಆ ಎರಡು ಸೀಸೆಗಳಿಂದ ಅವಳ ಮುಂದಿನ ಎಷ್ಟೋ ವರ್ಷಗಳ ಕೆಲಸ ಹುಟ್ಟಿತು. ಕುರಿಯ ಮೆದುಳಿಲ್ಲದ ಲಸಿಕೆ ನಮ್ಮವರಿಗೂ ಸಿಗಬೇಕು ಎಂದು ಅವಳು ಆಮೇಲೆ ಹೋದ ಸಭೆಯಲ್ಲೆಲ್ಲ ಹಟ ಹಿಡಿದು ವಾದಿಸಿದಳು. ಅದು ಬೇರೆಯೇ ಕಥೆ.

ಸಂಕ್ರಾಂತಿ ಕಳೆದ ಮೇಲೆ ಕಾಟಯ್ಯನನ್ನು ಮನೆಗೆ ಕಳಿಸುವ ದಿನ ಬಂತು. ಹಿಂದಿನ ದಿನದವರೆಗೂ ಅವನು ಗೋಡೆ ಹಿಡಿದು ನಡೆಯುತ್ತಿದ್ದ. ಗೇಟಿನವರೆಗೆ ಕೋಲೂರಿಕೊಂಡು ಬಾ, ಅಲ್ಲಿ ಜೀಪು ನಿಂತಿರುತ್ತೆ ಎಂದಿದ್ದ ಪಂಚಾಕ್ಷರಪ್ಪ. ಕಾಟಯ್ಯ ಹೊಸ ಪಂಚೆ ಉಟ್ಟು ಮೆಟ್ಟಿಲಿಳಿದ. ಅಂಗಳದಲ್ಲಿ ಒಂದು ಹೆಜ್ಜೆ ಇಟ್ಟ, ಇನ್ನೊಂದಿಟ್ಟ. ಗೇಟು ಬಂತು. ಕೋಲನ್ನು ಗೇಟಿಗೆ ಒರಗಿಸಿದ. ಜೀಪಿನ ಕಡೆ ನೋಡಲೂ ಇಲ್ಲ, ರಸ್ತೆಗೆ ಇಳಿದೇಬಿಟ್ಟ.

"ಕಾಟಯ್ಯ, ನಿಲ್ಲು! ಸುಸ್ತಾಗ್ತದೆ!" ಎಂದು ಉಚ್ಚಂಗಮ್ಮ ಹಿಂದೆ ಓಡಿದಳು. ಗಂಟು ಹೊತ್ತುಕೊಂಡು ಮುದ್ದಕ್ಕ ಓಡಿದಳು. ಸ್ಟೆಥಾಸ್ಕೋಪು ಹಿಡಿದುಕೊಂಡು ಪಂಚಾಕ್ಷರಪ್ಪ ಓಡಿದ. ಎತ್ತಪ್ಪ ಜೀಪನ್ನು ನಿಧಾನಕ್ಕೆ ಅವರ ಬೆನ್ನಿಗೆ ಬಿಟ್ಟುಕೊಂಡು ಹಾರ್ನ್ ಹೊಡೆಯುತ್ತ ಬಂದ. ಅಂಗಡಿಯವರು ಎದ್ದು ನಿಂತು ನೋಡಿದರು.

ಕಾಟಯ್ಯ ಸ್ವಲ್ಪ ವಾಲುತ್ತ, ಎರಡೂ ಕೈ ರೆಕ್ಕೆಯಂತೆ ಚಾಚಿಕೊಂಡು, ಹಿರಿಯೂರಿನ ದಾರಿ ಹಿಡಿದು ನಡೆಯುತ್ತಲೇ ಇದ್ದ.

"ಏನ್ ಮಾಡ್ಲಿ ಡಾಕ್ಟ್ರಮ್ಮ," ಎಂದು ಹಿಂದೆ ತಿರುಗದೆ ಕೂಗಿದ, "ನಡೆಯಾದು ಬಂತು, ನಿಲ್ಲಾದು ಮರ್ತೋಗೈತೆ!"